ಹೊಣೆ ಯಾರು? ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಹಿಂದಿನ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಈ ಸಂಚಿಕೆ ಎರಡು ವಾರ ತಡವಾಯ್ತು. ಕಾರಣ ಹೇಳಿಬಿಡ್ತೀನಿ: ಮನೆ ಹುಡುಕ್ತಾ ಇದ್ದೆ. ಹನುಮಂತನಗರದಲ್ಲಿ ಐದು ವರ್ಷದಿಂದ ಇದ್ದ ಮನೆ ಖಾಲಿ ಮಾಡಬೇಕು. ಓನರ್ ಆಂಟಿ ಮಗನಿಗೆ ಮದುವೆ, ಅವರಿಗೆ ಮೇಲಿನ ಮನೆ ಬೇಕು. ನ್ಯಾಯವಾದ ಕಾರಣವೇ. ಆದರೆ ಹೊಸ ಮನೆ ಹುಡುಕೋಕೆ ಹೊರಟಾಗ ಒಂದೇ ಪ್ರಶ್ನೆ ಹತ್ತು ಗೇಟಿನ ಮುಂದೆ ಎದುರಾಯ್ತು.

"ಯಾವ ಕಂಪನಿ?"

"ಕಂಪನಿ ಇಲ್ಲ ಸರ್, ಪಾಡ್‌ಕಾಸ್ಟ್ ಮಾಡ್ತೀನಿ."

"ಅಂದ್ರೆ?"

"ಇತಿಹಾಸದ ಬಗ್ಗೆ ಮಾತಾಡ್ತೀನಿ ಸರ್. ಜನ ಮೊಬೈಲ್‌ನಲ್ಲಿ ಕೇಳ್ತಾರೆ."

"ಅದು ಸರಿ, ಕೆಲಸ ಏನು ಮಾಡೋದು?"

ಸ್ಯಾಲರಿ ಸ್ಲಿಪ್ ಇಲ್ಲ, ಕಂಪನಿ ಐಡಿ ಇಲ್ಲ, ಊರಲ್ಲಿ ಹೇಳಿಕೊಳ್ಳೋ ಅಂಥ ದೊಡ್ಡ ನಂಟರೂ ಇಲ್ಲ. ಬನಶಂಕರಿ ಮೂರನೇ ಹಂತದ ಒಬ್ಬ ಯಜಮಾನರು ಕೊನೆಗೆ ನೇರವಾಗಿ ಕೇಳಿದ್ರು: "ನಿಮಗೆ ಹೊಣೆ ಯಾರು?" ನಾನು ಸುಮ್ಮನೆ ನಿಂತೆ. ಅವರೇ ಮುಂದುವರಿಸಿದ್ರು: "ಹೊಣೆ ಇಲ್ಲ ಅಂದ್ರೆ ಹತ್ತು ತಿಂಗಳ ಅಡ್ವಾನ್ಸ್ ಆಗುತ್ತೆ." ಬಾಡಿಗೆ 18,000. ಅಡ್ವಾನ್ಸ್ 1,80,000.

ಆ ಎರಡು ವಾಕ್ಯ ಇವತ್ತಿನ ಸಂಚಿಕೆಯ ವಿಷಯ. ಹೊಣೆ ಇಲ್ಲದಿದ್ದರೆ ಹಣ. ಈ ಲೆಕ್ಕ ಎಲ್ಲಿಂದ ಬಂತು?

ಕಲ್ಯಾಣದಲ್ಲಿ ಬರೆದ ಒಂದು ಪುಸ್ತಕ

'ಜಾಮೀನು' ಅನ್ನೋ ಪದ ಪಾರ್ಸಿ, ಅರಬ್ಬಿ ಕಡೆಯಿಂದ ಆಡಳಿತದ ಜೊತೆ ಬಂದದ್ದು. ಅದಕ್ಕೂ ಮುಂಚೆ ನಮ್ಮಲ್ಲಿದ್ದದ್ದು 'ಹೊಣೆ'. ಹಳಗನ್ನಡದಲ್ಲಿ 'ಪೊಣೆ'. ಸಂಸ್ಕೃತದ ಧರ್ಮಶಾಸ್ತ್ರಗಳಲ್ಲಿ ಹೊಣೆಗಾರನಿಗೆ 'ಪ್ರತಿಭೂ' ಅಂತಾರೆ.

ಈಗ ಬೀದರ್ ಜಿಲ್ಲೆಯಲ್ಲಿರೋ ಬಸವಕಲ್ಯಾಣ, ಒಂಬೈನೂರು ವರ್ಷಗಳ ಹಿಂದೆ ಚಾಲುಕ್ಯರ ರಾಜಧಾನಿ. ಆರನೇ ವಿಕ್ರಮಾದಿತ್ಯ 1076ರಿಂದ 1126ರವರೆಗೆ ಆಳಿದ. ಅವನ ಕಾಲದಲ್ಲಿ ವಿಜ್ಞಾನೇಶ್ವರ ಅನ್ನೋ ಪಂಡಿತ ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಅನ್ನೋ ವ್ಯಾಖ್ಯಾನ ಬರೆದ. ಆಸ್ತಿ ಭಾಗದ ಕೇಸುಗಳಲ್ಲಿ ಬ್ರಿಟಿಷರ ಕಾಲದ ಕೋರ್ಟುಗಳೂ ಈ ಪುಸ್ತಕವನ್ನೇ ತೆರೆದು ನೋಡ್ತಿದ್ವು. ನಮಗೆ ಬೇಕಾಗಿರೋದು ಅದರಲ್ಲಿರೋ ಸಾಲ ಮತ್ತು ಹೊಣೆಯ ಭಾಗ.

ಅಲ್ಲಿ ಹೊಣೆ ಮೂರು ಬಗೆ. ಒಂದು, ದರ್ಶನ: 'ಕರೆದಾಗ ಇವನನ್ನ ನಿಮ್ಮ ಮುಂದೆ ತಂದು ನಿಲ್ಲಿಸ್ತೀನಿ.' ಎರಡು, ಪ್ರತ್ಯಯ: 'ಇವನು ಒಳ್ಳೆಯವನು, ನನ್ನ ಮಾತಿನ ಮೇಲೆ ನಂಬಿ.' ಮೂರು, ದಾನ: 'ಇವನು ಕೊಡದಿದ್ರೆ ನಾನು ಕೊಡ್ತೀನಿ.' ಇನ್ನೊಂದು ನಿಯಮ ಇದೆ. ಮೊದಲ ಎರಡು ಬಗೆಯ ಹೊಣೆಗಾರ ಸತ್ತರೆ ಆ ಭಾರ ಅವನ ಮಕ್ಕಳ ಮೇಲೆ ಬೀಳೋದಿಲ್ಲ. ಮೂರನೇ ಬಗೆಯದ್ದು ಬೀಳುತ್ತೆ. ಹಣದ ಹೊಣೆ ಮನೆಯೊಳಗೆ ಇಳಿದು ಬರುತ್ತೆ ಅನ್ನೋದು ಆ ಕಾಲಕ್ಕೇ ಗೊತ್ತಿತ್ತು.

ನನಗೆ ಇದು ಪುಸ್ತಕದ ಮಾತಲ್ಲ. ನಮ್ಮೂರು ಅರಸೀಕೆರೆ. ಅಪ್ಪನದು ತೆಂಗಿನಕಾಯಿ ವ್ಯಾಪಾರ. ನಾನು ಹೈಸ್ಕೂಲಲ್ಲಿದ್ದಾಗ ಅಪ್ಪ ಸ್ನೇಹಿತರೊಬ್ಬರ ಟ್ರ್ಯಾಕ್ಟರ್ ಸಾಲಕ್ಕೆ ಜಾಮೀನು ಹಾಕಿದ್ರು. ಸ್ನೇಹಿತರು ಊರು ಬಿಟ್ರು. ನೋಟಿಸು ನಮ್ಮ ಮನೆಗೆ ಬಂತು. ನಾಲ್ಕು ವರ್ಷ ಕಂತು ಕಟ್ಟಿದ್ದು ಅಪ್ಪ. ನಾನು ಬಿಕಾಂ ಎರಡನೇ ವರ್ಷದಲ್ಲಿ ಬಿಸಿನೆಸ್ ಲಾ ಓದುವಾಗ 1872ರ ಕರಾರು ಕಾಯ್ದೆ ಬಂತು. ಸೆಕ್ಷನ್ 126, ಜಾಮೀನು ಕರಾರು ಅಂದ್ರೇನು. ಸೆಕ್ಷನ್ 128, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನದೂ ಅಷ್ಟೇ. ಸೆಕ್ಷನ್ 145, ಜಾಮೀನುದಾರ ಕಟ್ಟಿದ ಹಣವನ್ನ ಸಾಲಗಾರನಿಂದ ವಸೂಲಿ ಮಾಡಿಕೊಳ್ಳಬಹುದು. ಪರೀಕ್ಷೆಯಲ್ಲಿ ಮೂರನ್ನೂ ಬರೆದೆ, ಒಳ್ಳೆ ಮಾರ್ಕ್ಸ್ ಬಂತು. ಅಪ್ಪನಿಗೆ ಮಾತ್ರ ಒಂದು ರೂಪಾಯಿ ವಾಪಸ್ ಬರಲಿಲ್ಲ. ಅವತ್ತಿಂದ ನಮ್ಮ ಮನೆಯಲ್ಲಿ ಒಂದು ಕಟ್ಟುನಿಟ್ಟು: ಯಾರಿಗೂ ಹೊಣೆ ನಿಲ್ಲಬಾರದು, ಯಾರನ್ನೂ ಹೊಣೆ ನಿಲ್ಲಿ ಅಂತ ಕೇಳಲೂಬಾರದು.

ಆ ಯಜಮಾನರ ಗೇಟಿನ ಮುಂದೆ ನಾನು ಸುಮ್ಮನೆ ನಿಂತಿದ್ದು ಅದಕ್ಕೇ.

ವಠಾರದ ಕಾಲದ ಹೊಣೆ

ಬೆಂಗಳೂರಿಗೆ ಬರೋಣ. 1898ರಲ್ಲಿ ಇಲ್ಲಿ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟಿನಿಂದ ಜನ ಹೊರಗೆ ಹೋಗಲಿ ಅಂತ ಬಸವನಗುಡಿ, ಮಲ್ಲೇಶ್ವರದಂಥ ಬಡಾವಣೆಗಳು ಬೆಳೆದ್ವು. ಅಗಲ ರಸ್ತೆ, ದೊಡ್ಡ ಸೈಟು. ಆಮೇಲೆ ಆ ದೊಡ್ಡ ಸೈಟುಗಳ ಹಿತ್ತಲಲ್ಲೇ ಸಾಲಾಗಿ ಸಣ್ಣ ಸಣ್ಣ ಮನೆ ಎದ್ದವು. ಒಂದು ಅಂಗಳ, ಒಂದು ಬಾವಿ ಅಥವಾ ನಲ್ಲಿ, ಎಲ್ಲರಿಗೂ ಸೇರಿ ಒಂದೋ ಎರಡೋ ಬಚ್ಚಲು. ಅದೇ ವಠಾರ. 1990ರ 'ಗಣೇಶನ ಮದುವೆ' ಸಿನಿಮಾ ನೋಡಿದವರಿಗೆ ಬೇರೆ ವಿವರಣೆ ಬೇಡ. ಅನಂತ್ ನಾಗ್ ಬಾಡಿಗೆದಾರ, ಮುಖ್ಯಮಂತ್ರಿ ಚಂದ್ರು ಓನರ್, ದಿನಾ ಜಗಳ.

ವಠಾರದಲ್ಲಿ ಮನೆ ಸಿಗುತ್ತಿದ್ದದ್ದು ಪ್ರತ್ಯಯದ ಹೊಣೆಯ ಮೇಲೆ. ಊರಿಂದ ಬರುವಾಗ ಕೈಯಲ್ಲೊಂದು ಕಾಗದ. 'ಪತ್ರ ತಂದಿರುವ ಹುಡುಗ ನಮ್ಮವನು, ಅನುಕೂಲ ಮಾಡಿಕೊಡಿ.' ಬಡ ವಿದ್ಯಾರ್ಥಿಗಳಿಗೆ ವಾರಾನ್ನ ಸಿಗುತ್ತಿದ್ದದ್ದೂ ಇಂಥದೇ ಪರಿಚಯದಿಂದ. ಕೇಳೋಕೆ ಚೆನ್ನಾಗಿದೆ, ಅಲ್ವಾ? ದುಡ್ಡಿಲ್ಲ, ಅಗ್ರಿಮೆಂಟ್ ಇಲ್ಲ, ಮಾತೇ ಸಾಕು.

ಇಲ್ಲಿ ಸ್ವಲ್ಪ ನಿಲ್ಲೋಣ. ಆ ಕಾಗದದಲ್ಲಿದ್ದ 'ನಮ್ಮವನು' ಅನ್ನೋ ಪದ ಯಾರಿಗೆ ಅನ್ವಯಿಸ್ತಿತ್ತು?

1917ರಲ್ಲಿ ಒಬ್ಬ ಯುವಕ ಬರೋಡಾಗೆ ಬಂದ. ಅಮೆರಿಕ, ಲಂಡನ್‌ಗಳಲ್ಲಿ ಓದಿದವನು. ಬರೋಡಾ ಮಹಾರಾಜರ ವಿದ್ಯಾರ್ಥಿವೇತನ ಪಡೆದಿದ್ದಕ್ಕೆ ಅಲ್ಲೇ ಕೆಲಸ ಮಾಡಬೇಕಿತ್ತು. ಸರ್ಕಾರಿ ಕೆಲಸ ಇದೆ, ಸಂಬಳ ಇದೆ, ಆದರೆ ಉಳಿಯೋಕೆ ಜಾಗ ಕೊಡೋರಿಲ್ಲ. ಕೊನೆಗೆ ಪಾರ್ಸಿಗಳ ವಸತಿಗೃಹದಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದುಕೊಂಡ. ಹನ್ನೊಂದನೇ ದಿನ ಕೋಲು ಹಿಡಿದ ಗುಂಪೊಂದು ಬಂದು ಹೊರಗೆ ಹಾಕಿತು. ಊರಲ್ಲಿ ಇಬ್ಬರು ಸ್ನೇಹಿತರಿದ್ದರು, ಒಬ್ಬ ಹಿಂದೂ, ಒಬ್ಬ ಕ್ರೈಸ್ತ. ಇಬ್ಬರೂ ಒಂದೊಂದು ನೆಪ ಹೇಳಿದರು. ಸಾರ್ವಜನಿಕ ಉದ್ಯಾನದಲ್ಲಿ ಕೂತು, ರಾತ್ರಿ ರೈಲು ಹತ್ತಿ ಆತ ಮುಂಬೈಗೆ ವಾಪಸ್ ಹೋದ. ಆ ಯುವಕ ಬಿ.ಆರ್. ಅಂಬೇಡ್ಕರ್. 'ವೇಟಿಂಗ್ ಫಾರ್ ಎ ವೀಸಾ' ಅನ್ನೋ ಆತ್ಮಕಥನದ ಬರಹದಲ್ಲಿ ಅವರೇ ಇದನ್ನ ದಾಖಲಿಸಿದ್ದಾರೆ.

ಬಾಡಿಗೆ ಕಟ್ಟೋ ಶಕ್ತಿ ಇತ್ತು. ಹೊಣೆ ಇರಲಿಲ್ಲ. ಹಾಗಾಗಿ 'ಹಿಂದೆ ಮಾತಿಗೆ ಬೆಲೆ ಇತ್ತು' ಅಂತ ಯಾರಾದ್ರೂ ಹೇಳಿದಾಗ, ಯಾರ ಮಾತಿಗೆ, ಯಾರ ಪರವಾಗಿ ಅಂತ ಕೇಳಬೇಕು. ಇವತ್ತಿಗೂ ಟು-ಲೆಟ್ ಬೋರ್ಡ್ ನೋಡಿ ಫೋನ್ ಮಾಡಿದ್ರೆ ಬಾಡಿಗೆ ಎಷ್ಟು ಅಂತ ಹೇಳೋಕೆ ಮುಂಚೆ 'ನೀವು ಯಾವ ಜನ', 'ವೆಜ್ಜಾ ನಾನ್‌ವೆಜ್ಜಾ' ಅಂತ ಕೇಳೋರಿದ್ದಾರೆ. ನನ್ನ ಜೊತೆ ಓದಿದ ಒಬ್ಬ ಮುಸ್ಲಿಂ ಗೆಳೆಯನಿಗೆ ಹೆಸರು ಹೇಳಿದ ಕೂಡಲೇ 'ಮನೆ ಆಗಲೇ ಹೋಯ್ತು' ಅನ್ನೋ ಉತ್ತರ ಅಭ್ಯಾಸವಾಗಿಬಿಟ್ಟಿದೆ.

ಪರಿಚಯ ಸಾಲದಾದಾಗ

1941ರಲ್ಲಿ ಬೆಂಗಳೂರಿನ ಜನಸಂಖ್ಯೆ ಸುಮಾರು 4 ಲಕ್ಷ. 1951ಕ್ಕೆ ಸುಮಾರು 7.8 ಲಕ್ಷ. ಹತ್ತು ವರ್ಷದಲ್ಲಿ ಹೆಚ್ಚುಕಡಿಮೆ ಎರಡರಷ್ಟು! 1940ರಲ್ಲಿ ಎಚ್‌ಎಎಲ್ ಬಂತು, 1948ರಲ್ಲಿ ಐಟಿಐ, ಆಮೇಲೆ ಎಚ್‌ಎಂಟಿ, ಬಿಇಎಲ್. ಕಾರ್ಖಾನೆಗಳು ಕ್ವಾರ್ಟರ್ಸ್ ಕಟ್ಟಿದ್ವು. ಆದರೂ ಎಲ್ಲರಿಗೂ ಸಾಲಲಿಲ್ಲ.

ಮನೆ ಕಮ್ಮಿ, ಜನ ಜಾಸ್ತಿ. ಸರ್ಕಾರ ನಡುವೆ ಬಂತು. 1951ರಲ್ಲಿ ಮೈಸೂರು ರಾಜ್ಯದ ಬಾಡಿಗೆ ನಿಯಂತ್ರಣ ಕಾಯ್ದೆ, ಅದರ ನಂತರ 1961ರ ಕಾಯ್ದೆ. ರಾಜ್ಯದ ಹೆಸರು ಬದಲಾದ ಮೇಲೆ ಅದೇ ಕರ್ನಾಟಕ ಬಾಡಿಗೆ ನಿಯಂತ್ರಣ ಕಾಯ್ದೆ ಆಯ್ತು. ಅದರಲ್ಲಿ ಮೂರು ಮುಖ್ಯ ಅಂಶ. ಮನೆ ಖಾಲಿಯಾದ್ರೆ ಓನರ್ ರೆಂಟ್ ಕಂಟ್ರೋಲರ್‌ಗೆ ತಿಳಿಸಬೇಕು, ಅವರು ಅದನ್ನ ಬೇರೆಯವರಿಗೆ ಹಂಚಬಹುದು. ಬಾಡಿಗೆ ನ್ಯಾಯವಾಗಿರಬೇಕು, ಅದನ್ನ ನಿಗದಿ ಮಾಡಿಸಿಕೊಳ್ಳಬಹುದು. ಕಾಯ್ದೆಯಲ್ಲಿ ಪಟ್ಟಿ ಮಾಡಿದ ಕಾರಣಗಳಿದ್ದರೆ ಮಾತ್ರ ಬಾಡಿಗೆದಾರನನ್ನ ಬಿಡಿಸಬಹುದು, ಅದೂ ಕೋರ್ಟ್ ಮೂಲಕ.

ಬಾಡಿಗೆದಾರರಿಗೆ ಇದು ದೊಡ್ಡ ರಕ್ಷಣೆ. ಒಂದು ತಲೆಮಾರು ಈ ಊರಲ್ಲಿ ನೆಮ್ಮದಿಯಾಗಿ ಬದುಕಿ ಮಕ್ಕಳನ್ನ ಓದಿಸಿದ್ದರಲ್ಲಿ ಇದರ ಪಾಲೂ ಇದೆ. ಓನರ್‌ಗಳಿಗೆ ಮಾತ್ರ ಭಯ ಹತ್ತಿತು. ಒಮ್ಮೆ ಒಳಗೆ ಬಿಟ್ಟವರು ಹೊರಗೆ ಹೋಗ್ತಾರಾ? ನಿವೃತ್ತಿ ಹಣದಲ್ಲಿ ಕಟ್ಟಿದ ಮನೆಯನ್ನ ವಾಪಸ್ ಪಡೆಯೋಕೆ ವರ್ಷಗಟ್ಟಲೆ ಕೋರ್ಟ್ ಅಲೆದವರ ಕಥೆ ನಮ್ಮ ಓನರ್ ಆಂಟಿ ಹತ್ತಿರವೇ ಕೇಳಿದ್ದೀನಿ.

ಇದೇ ಭಯ ಬೇರೆ ಊರಲ್ಲಿ ಬೇರೆ ರೂಪ ತಗೊಂಡಿತು. ಮುಂಬೈನಲ್ಲಿ 1947ರ ಬಾಡಿಗೆ ಕಾಯ್ದೆಯ ನೆರಳಲ್ಲಿ 'ಪಗಡಿ' ಬೇರೂರಿತು. ಮೊದಲೇ ದೊಡ್ಡ ಮೊತ್ತ ಕೊಟ್ಟು, ತಿಂಗಳಿಗೆ ಚಿಲ್ಲರೆ ಬಾಡಿಗೆ ಕಟ್ಟೋದು. ಬೆಂಗಳೂರಲ್ಲಿ ಬೇರೂರಿದ್ದು ಅಡ್ವಾನ್ಸ್. ಪಗಡಿ ವಾಪಸ್ ಬರಲ್ಲ, ಅಡ್ವಾನ್ಸ್ ವಾಪಸ್ ಬರುತ್ತೆ. ಕನಿಷ್ಠ, ಬರಬೇಕು.

ಬಾಡಿಗೆದಾರ ಒಂದು ವೇಳೆ ಎದ್ದು ಹೋಗದಿದ್ರೆ, ಕೇಸು ಮುಗಿಯೋವರೆಗೂ ಬಾಡಿಗೆ ಕಟ್ಟದಿದ್ರೆ, ಕೈಯಲ್ಲಿ ಏನಾದ್ರೂ ಇರಲಿ ಅನ್ನೋದು ಓನರ್ ಲೆಕ್ಕ. ನನ್ನ ಅಂದಾಜಿನಲ್ಲಿ, ಬಾಡಿಗೆದಾರನ ಪರಿಚಯ ಇಲ್ಲದಷ್ಟು ಊರು ದೊಡ್ಡದಾದಾಗ ಈ ಲೆಕ್ಕ ರೂಢಿಯಾಯ್ತು. 1971ರಲ್ಲಿ ಸುಮಾರು 16.5 ಲಕ್ಷ ಇದ್ದ ಊರು 1981ಕ್ಕೆ 29 ಲಕ್ಷ ದಾಟಿತು. ಅಷ್ಟು ಜನರಿಗೆ ಕಾಗದ ಬರೆದುಕೊಡೋ ಮಾವಂದಿರು ಎಲ್ಲಿಂದ ಬರಬೇಕು?

ಆಮೇಲೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬಂತು, 2001ರ ಕೊನೆಗೆ ಜಾರಿಯಾಯ್ತು. ಬೆಂಗಳೂರಿನಂಥ ಊರಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದರೆ ಈ ಕಾಯ್ದೆ ಅನ್ವಯಿಸೋದಿಲ್ಲ. ಇವತ್ತು 3,500ಕ್ಕೆ ಬೆಂಗಳೂರಲ್ಲಿ ಯಾವ ಮನೆ ಸಿಗುತ್ತೆ? ಅಂದ್ರೆ, ಓನರ್‌ಗೆ ಭಯ ಹುಟ್ಟಿಸಿದ ಕಾನೂನು ನಮ್ಮಂಥವರ ಪಾಲಿಗೆ ಯಾವತ್ತೋ ಹೋಯ್ತು. ಆ ಭಯಕ್ಕೆ ಮದ್ದು ಅಂತ ಬಂದ ಅಡ್ವಾನ್ಸ್ ಮಾತ್ರ ಉಳಿದುಕೊಂಡಿತು.

ಹನ್ನೊಂದು ತಿಂಗಳ ಅಗ್ರಿಮೆಂಟ್ ಕಥೆಯೂ ಹೀಗೇ. 1908ರ ನೋಂದಣಿ ಕಾಯ್ದೆಯ ಸೆಕ್ಷನ್ 17ರ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆ ಪತ್ರ ರಿಜಿಸ್ಟರ್ ಆಗಬೇಕು. ಹನ್ನೊಂದು ತಿಂಗಳಾದ್ರೆ ಬೇಡ. ಹಾಗಾಗಿ ಐದು ವರ್ಷ ಇರೋ ಮನೆಗೂ ಹನ್ನೊಂದು ತಿಂಗಳ ಪೇಪರ್. ಒಂದೂವರೆ ಲಕ್ಷ ಕೊಟ್ಟಿರ್ತೀವಿ, ಅದಕ್ಕೆ ದಾಖಲೆ ಅಂದ್ರೆ ಎರಡು ಹಾಳೆಯ ಸ್ಟ್ಯಾಂಪ್ ಪೇಪರ್.

ಒತ್ತೆ ಇಟ್ಟ ಸರ

ಈಗ ನಾನು ಕಾಮರ್ಸ್ ಓದಿದವನು ಅಂತ ತೋರಿಸ್ಕೊಳ್ಳೋ ಭಾಗ. 1,80,000 ರೂಪಾಯಿಯನ್ನ ನೂರಕ್ಕೆ 7ರಂತೆ ಎಫ್‌ಡಿ ಇಟ್ಟರೆ ವರ್ಷಕ್ಕೆ 12,600 ಬಡ್ಡಿ. ತಿಂಗಳಿಗೆ 1,050. ಅಂದ್ರೆ 18,000 ಬಾಡಿಗೆಯ ಮನೆಯ ನಿಜವಾದ ಬಾಡಿಗೆ 19,050. ಬೆಲೆಗಳು ವರ್ಷಕ್ಕೆ ನೂರಕ್ಕೆ 6ರಂತೆ ಏರಿದ್ರೆ, ಐದು ವರ್ಷದ ನಂತರ ವಾಪಸ್ ಬರೋ 1.8 ಲಕ್ಷಕ್ಕೆ ಇವತ್ತಿನ ಲೆಕ್ಕದಲ್ಲಿ ಸುಮಾರು 1.35 ಲಕ್ಷದ ಬೆಲೆ. ಅದರಲ್ಲೂ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡ್ಕೊಳ್ತಾರೆ. ಗೋಡೆ ಮೇಲೆ ಒಂದು ಮೊಳೆ ಹೊಡೆಯದಿದ್ದರೂ ಹಿಡ್ಕೊಳ್ತಾರೆ.

ಮಿತಾಕ್ಷರಾಗೆ ಇನ್ನೊಮ್ಮೆ ಹೋಗೋಣ. ಅಲ್ಲಿ ಒತ್ತೆಯಲ್ಲಿ ಎರಡು ಬಗೆ. ಗೋಪ್ಯ, ಅಂದ್ರೆ ಜೋಪಾನವಾಗಿ ಇಟ್ಟುಕೊಳ್ಳಬೇಕಾದ್ದು. ಭೋಗ್ಯ, ಅಂದ್ರೆ ಇಟ್ಟುಕೊಂಡವನು ಬಳಸಿಕೊಳ್ಳಬಹುದಾದ್ದು. ನಮ್ಮಲ್ಲಿ ಈಗಲೂ 'ಮನೆ ಭೋಗ್ಯಕ್ಕಿದೆ' ಅಂತ ಬೋರ್ಡ್ ಇರುತ್ತಲ್ಲ, ಅದೇ ಪದ. ಒಟ್ಟಿಗೆ ಹತ್ತು ಹದಿನೈದು ಲಕ್ಷ ಕೊಡಿ, ಬಾಡಿಗೆ ಇಲ್ಲದೆ ಇರಿ, ಹೋಗುವಾಗ ಹಣ ತಗೊಂಡು ಹೋಗಿ. ಅವರಿಗೆ ಹಣದ ಭೋಗ, ನಿಮಗೆ ಮನೆಯ ಭೋಗ. ಲೆಕ್ಕ ಸಮ. ಆದರೆ ಜೋಪಾನವಾಗಿಡಬೇಕಾದ ಒತ್ತೆಯನ್ನ ಬಳಸಿಕೊಂಡರೆ? ಹಾಗೆ ಬಳಸಿಕೊಂಡ ಸಾಲ ಕೊಟ್ಟವನಿಗೆ ಬಡ್ಡಿ ಇಲ್ಲ ಅನ್ನುತ್ತೆ ಆ ಶಾಸ್ತ್ರ. ನಮ್ಮ ಅಡ್ವಾನ್ಸ್ ಹೆಸರಿಗೆ ಗೋಪ್ಯ, ನಡೆಯೋದು ಭೋಗ್ಯ. ಓನರ್ ಅದನ್ನ ಮಗಳ ಮದುವೆಗೋ ಮೇಲಿನ ಮಹಡಿಗೋ ಬಳಸ್ತಾರೆ, ಬಾಡಿಗೆಯನ್ನೂ ಪೂರ್ತಿ ತಗೋತಾರೆ.

ನಾನು ಐದು ವರ್ಷದ ಹಿಂದೆ ಹನುಮಂತನಗರದ ಮನೆಗೆ ಅಡ್ವಾನ್ಸ್ ಹೇಗೆ ಹೊಂದಿಸಿದೆ ಗೊತ್ತಾ? ಅಮ್ಮನ ಎರಡೆಳೆ ಸರ ಬ್ಯಾಂಕಿನಲ್ಲಿ ಅಡ ಇಟ್ಟು. ಅದನ್ನ ಬಿಡಿಸೋಕೆ ಎರಡು ವರ್ಷ ಹಿಡಿಯಿತು. ಆ ಎರಡು ವರ್ಷ ಅಮ್ಮ ಮದುವೆಗಳಿಗೆ ಹೋದಾಗಲೆಲ್ಲ ಸೆರಗು ಹೊದ್ದುಕೊಂಡೇ ಕೂರ್ತಿದ್ರು ಅಂತ ಆಮೇಲೆ ತಂಗಿ ಹೇಳಿದ್ಲು. ಯಾರನ್ನೂ ಹೊಣೆ ಕೇಳಬಾರದು ಅಂತ ನಿಯಮ ಇಟ್ಟುಕೊಂಡಿದ್ವಿ. ಆದರೂ ನನಗೆ ಹೊಣೆ ನಿಂತವರು ಇದ್ದರು. ಪತ್ರದಲ್ಲಿ ಅವರ ಹೆಸರು ಇರಲಿಲ್ಲ, ಅಷ್ಟೆ.

ಅಮ್ಮನ ಹತ್ತಿರ ಸರವೇ ಇಲ್ಲದಿದ್ರೆ? ಊರಿಂದ ಬಂದು ಮೊದಲ ಕೆಲಸಕ್ಕೆ ಸೇರಿರೋ ಎಷ್ಟೋ ಹುಡುಗ ಹುಡುಗಿಯರು ವರ್ಷಗಟ್ಟಲೆ ಪಿಜಿಯಲ್ಲೇ ಇರೋದಕ್ಕೆ ಒಂದು ಕಾರಣ ಇದು. ತಿಂಗಳ ಬಾಡಿಗೆ ಕಟ್ಟೋ ಶಕ್ತಿ ಇದೆ, ಮೊದಲ ದಿನ ಒಟ್ಟಿಗೆ ಎರಡು ಲಕ್ಷ ಇಡೋ ಶಕ್ತಿ ಇಲ್ಲ.

ಎರಡು ತಿಂಗಳಾದರೆ?

ಇದಕ್ಕೆ ಪರಿಹಾರ ಕಾಗದದ ಮೇಲೆ ಇದೆ. 2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಮಾದರಿ ಬಾಡಿಗೆ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಕೇಳಬಾರದು ಅನ್ನುತ್ತೆ ಅದು. ಆದರೆ ಅದು ಮಾದರಿ ಅಷ್ಟೆ, ರಾಜ್ಯಗಳು ತಮ್ಮ ಕಾನೂನು ಮಾಡಿಕೊಂಡರೆ ಮಾತ್ರ ಜೀವ.

ಬೇಗ ಬರಲಿ ಅಂತ ನನ್ನ ಆಸೆ. ಆದರೆ ಇತಿಹಾಸ ನೋಡಿದವನಾಗಿ ಒಂದು ಮಾತು. ನ್ಯೂಯಾರ್ಕ್‌ನಲ್ಲಿ 2019ರ ಕಾನೂನಿನ ಪ್ರಕಾರ ಡೆಪಾಸಿಟ್ ಒಂದೇ ತಿಂಗಳು. ಆದರೆ ಅಲ್ಲಿನ ರೂಢಿ ಏನು? ವರ್ಷದ ಆದಾಯ ತಿಂಗಳ ಬಾಡಿಗೆಯ 40 ಪಟ್ಟು ಇರಬೇಕು. ಇಲ್ಲದಿದ್ರೆ 80 ಪಟ್ಟು ಆದಾಯ ಇರೋ ಜಾಮೀನುದಾರ ಬೇಕು. ಪ್ಯಾರಿಸ್‌ನಲ್ಲಿ ಖಾಲಿ ಮನೆಗೆ ಡೆಪಾಸಿಟ್ ಒಂದು ತಿಂಗಳಿಗಿಂತ ಹೆಚ್ಚು ತಗೊಳ್ಳೋ ಹಾಗಿಲ್ಲ. ಅಲ್ಲೂ ಓನರ್‌ಗಳು ಕೇಳೋದು ಜಾಮೀನುದಾರರನ್ನೇ. ಹಣದ ಬಾಗಿಲು ಮುಚ್ಚಿದ್ರೆ ಹೊಣೆಯ ಬಾಗಿಲಿಗೆ ಬರ್ತಾರೆ. ಇಲ್ಲೂ ಅದೇ ಆದರೆ, 'ನಮ್ಮವನು' ಅಂತ ಹೇಳೋರು ಇಲ್ಲದವನ ಕಥೆ ಏನು? ಬರೋಡಾದ ಆ ರಾತ್ರಿಗೆ ವಾಪಸ್ ಹೋಗ್ತೀವಿ.

ಫ್ರಾನ್ಸ್‌ನಲ್ಲಿ ಇದಕ್ಕೆ ಒಂದು ದಾರಿ ಕಂಡುಕೊಂಡಿದ್ದಾರೆ. 2016ರಲ್ಲಿ 'ವಿಸಾಲ್' ಅನ್ನೋ ವ್ಯವಸ್ಥೆ ಶುರುವಾಯ್ತು. ಯುವಕರಿಗೆ, ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಒಂದು ಸಂಸ್ಥೆಯೇ ಉಚಿತವಾಗಿ ಜಾಮೀನು ನಿಲ್ಲುತ್ತೆ. ಬಾಡಿಗೆದಾರ ಕಟ್ಟದಿದ್ರೆ ಅದು ಓನರ್‌ಗೆ ಕಟ್ಟಿ, ಆಮೇಲೆ ಬಾಡಿಗೆದಾರನಿಂದ ವಸೂಲಿ ಮಾಡುತ್ತೆ. ನಮ್ಮ ಸೆಕ್ಷನ್ 128 ಮತ್ತು 145 ಇದ್ದ ಹಾಗೇ. ಒಂದೇ ವ್ಯತ್ಯಾಸ, ಆ ಭಾರ ಅರಸೀಕೆರೆಯ ಒಬ್ಬ ತೆಂಗಿನಕಾಯಿ ವ್ಯಾಪಾರಿಯ ಹೆಗಲ ಮೇಲೆ ಬೀಳೋದಿಲ್ಲ. ಅಡ್ವಾನ್ಸ್ ಇಳಿಸೋ ಕಾನೂನು ಬರೋದಾದ್ರೆ ಜೊತೆಗೆ ಇಂಥದ್ದೊಂದು ಬರಬೇಕು ಅನ್ನೋದು ನನ್ನ ಅಭಿಪ್ರಾಯ. ಓನರ್‌ಗಳ ಭಯವೂ ಸುಳ್ಳಲ್ಲವಲ್ಲ.

ಕೊನೆಗೆ, ನನ್ನ ಮನೆ ಏನಾಯ್ತು? ಹನುಮಂತನಗರದ ಓನರ್ ಆಂಟಿ ಒಂದು ಸಂಜೆ ಕಾಫಿ ಕೊಡುವಾಗ ಕೇಳಿದ್ರು: "ಏನಪ್ಪಾ, ಮನೆ ಸಿಕ್ತಾ?" ಬನಶಂಕರಿಯ ಯಜಮಾನರ ಮಾತು ಹೇಳಿದೆ. "ನಂಬರ್ ಕೊಡು ಇಲ್ಲಿ" ಅಂದ್ರು. ನಾನು ಬೇಡ ಆಂಟಿ ಅಂದೆ, ನಮ್ಮ ಮನೆಯ ನಿಯಮ ನೆನಪಾಯ್ತು. ಅವರು ಕೇಳಲಿಲ್ಲ. ನನ್ನ ಎದುರಿಗೇ ಫೋನ್ ಮಾಡಿ, "ಐದು ವರ್ಷ ನಮ್ಮ ಮೇಲಿದ್ದ. ಐದನೇ ತಾರೀಕು ದಾಟಿ ಒಂದು ದಿನ ಬಾಡಿಗೆ ತಡ ಮಾಡಿಲ್ಲ. ರಾತ್ರಿ ಒಬ್ಬನೇ ಮಾತಾಡ್ಕೋತಾನೆ, ಅದು ಅವನ ಕೆಲಸ, ನೀವು ಗಾಬರಿ ಆಗ್ಬೇಡಿ" ಅಂದ್ರು.

ಹತ್ತು ತಿಂಗಳು ಐದಕ್ಕೆ ಇಳೀತು. 90,000. ಆಂಟಿ ವಾಪಸ್ ಕೊಟ್ಟ ಅಡ್ವಾನ್ಸ್‌ನಲ್ಲೇ ಸರಿಹೋಯ್ತು, ಅಮ್ಮನ ಸರ ಈ ಸಲ ಕತ್ತಿನಲ್ಲೇ ಇದೆ.

ಖುಷಿ ಆಯ್ತು. ರಾತ್ರಿ ಮಲಗಿದಾಗ ಇನ್ನೊಂದು ಯೋಚನೆಯೂ ಬಂತು. ಆ ಫೋನ್ ಹೋಗಿದ್ದು ನನ್ನ ಹೆಸರಿನ ಹುಡುಗನಿಗಾಗಿ. ನನ್ನ ಗೆಳೆಯನ ಹೆಸರು ಹೇಳಿದ್ರೂ ಆ ಕಡೆಯ ಯಜಮಾನರು ಐದಕ್ಕೆ ಇಳಿಸ್ತಿದ್ರಾ? ಅವನಿನ್ನೂ ಮನೆ ಹುಡುಕ್ತಾನೇ ಇದ್ದಾನೆ.

ನಿಮ್ಮ ಮೊದಲ ಬಾಡಿಗೆ ಮನೆಗೆ ಹೊಣೆ ನಿಂತವರು ಯಾರು, ಯಾವ ಒಡವೆ ಅಡಕ್ಕೆ ಹೋಯ್ತು, ಬರೆದು ಕಳಿಸಿ. ಮುಂದಿನ ಸಂಚಿಕೆ ಹೊಸ ಮನೆಯಿಂದ. ಗೋಡೆ ಪ್ರತಿಧ್ವನಿಸಿದ್ರೆ ಸ್ವಲ್ಪ ಸಹಿಸ್ಕೊಳ್ಳಿ. ನಮಸ್ಕಾರ.